ತೌಡಿನಲ್ಲಿ ಒರೆಸಿದ ಕೈಗಳು

ಇದನ್ನು ಬರೆಯಬೇಕೆಂದು ಕೂತು, ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ ಎದ್ದದ್ದು ಎಷ್ಟು ಸಲವೋ ನನಗೇ ಗೊತ್ತಿಲ್ಲ. ಹೆಂಡತಿ ಇರುವಾಗ, ಅವಳಿಗೆ ನನ್ನ ಮೇಲಿರುವ ಅಭಿಪ್ರಾಯವನ್ನು ಯಾಕೆ ಕೆಡಿಸಲಿ ಎಂದು ಸುಮ್ಮನಾದೆ. ಅವಳು ಹೋಗಿ ಆರು ವರ್ಷವಾಯಿತು. ಆಮೇಲೆ ಕಣ್ಣಿನ ಪೊರೆಯ ನೆಪ ಸಿಕ್ಕಿತು. ಅದರ ಆಪರೇಷನ್ನೂ ಆಯಿತು. ಈಗ ಅಕ್ಷರ ಚೆನ್ನಾಗಿ ಕಾಣುತ್ತಿದೆ, ನೆಪಗಳು ಮುಗಿದಿವೆ.

ಹೋದ ತಿಂಗಳು ಹೊಸನಗರದಲ್ಲಿ ವಯಸ್ಸಾದವರದೊಂದು ಕೂಟ ನಡೆಯಿತು. ಎಪ್ಪತ್ತೈದು ದಾಟಿದರೂ ಕೋಲು ಹಿಡಿಯದೆ ನಡೆಯುತ್ತಾರೆ, ಹಲ್ಲು ಇನ್ನೂ ಬಾಯಲ್ಲೇ ಇವೆ ಎಂಬ ಕಾರಣಕ್ಕೆ ನನ್ನನ್ನು ಎಬ್ಬಿಸಿ ಮೈಕಿನ ಮುಂದೆ ನಿಲ್ಲಿಸಿದರು. ಮುಂದಿನ ಸಾಲಿನಿಂದ ಯಾರೋ ಕೂಗಿದರು: "ಎಂತ ಗುಟ್ಟು ಮಾರಾಯ್ರೆ? ನಮ್ಗೂ ಸ್ವಲ್ಪ ಹೇಳಿ, ನಾವೂ ಇನ್ನೊಂದು ಮದ್ವೆ ಆಗ್ತೀವಿ." ಎಲ್ಲರೂ ನಕ್ಕರು. ನಾನೂ ನಕ್ಕು, ಗಂಟಲು ಸರಿಮಾಡಿಕೊಂಡು ಹೇಳಿದೆ. ಎದ್ದ ಕೂಡಲೆ ಒಂದು ಚೊಂಬು ಉಗುರುಬೆಚ್ಚಗಿನ ನೀರು ಕುಡಿಯಬೇಕು. ಏನು ತಿಂದರೂ ಬಾಯಿ ಮುಕ್ಕಳಿಸಬೇಕು. ಭಾನುವಾರ ತಪ್ಪದೆ ಉಗುರು ತೆಗೆಯಬೇಕು, ಮಲಗುವ ಮುಂಚೆ ಹಿಮ್ಮಡಿಗೆ ಎಣ್ಣೆ ಹಚ್ಚಬೇಕು. ಒಂದೇ ಕಡೆ ಕೂತು ಕೆಲಸ ಮಾಡುವವರು ಆಗಾಗ ಎದ್ದು, ದೂರದ ಹಸಿರನ್ನು ನೋಡಿ ಮತ್ತೆ ಕೂರಬೇಕು. "ಇದೆಲ್ಲ ನನ್ನ ಜೀವನದ ಅನುಭವ" ಎಂದೆ. ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು.

ಮನೆಗೆ ಬಂದು ಆ ಶಾಲನ್ನು ಕುರ್ಚಿಯ ಮೇಲೆ ಹಾಕಿದೆ. ಅದನ್ನು ಮಡಚಿಡಲೂ ಕೈ ಬರಲಿಲ್ಲ. ಅಲ್ಲಿ ನಾನು ಹೇಳಿದ್ದರಲ್ಲಿ ಒಂದೂ ನನ್ನದಲ್ಲ. ಎಲ್ಲವೂ ಸಾಗರದ ಅಡಿಕೆ ಮಂಡಿಯಲ್ಲಿ ಅಡಿಕೆ ಆರಿಸುತ್ತಿದ್ದ ಒಬ್ಬ ಹೆಂಗಸಿನದು. ಅವರ ಒಳ್ಳೆಯ ಹೆಸರನ್ನು ನಾನು ಮೊದಲೇ ಕಸಿದುಕೊಂಡಿದ್ದೆ. ಅದು ಸಾಲದೆಂದು ಇದನ್ನೂ ತೆಗೆದುಕೊಂಡೆನಲ್ಲ ಎಂದು ಅವತ್ತು ಅನ್ನಿಸಿತು.

ಎಪ್ಪತ್ತರ ದಶಕದ ಮಾತು. ನಾನು ಹೊಸನಗರದ ಕಡೆಯವನು. ಎಸ್ಸೆಸ್ಸೆಲ್ಸಿ ಪಾಸಾಗಿ, ಮುಂದೆ ಓದಿಸುವವರಿಲ್ಲದೆ, ಸಾಗರದ ಒಂದು ಮಂಡಿಗೆ ಲೆಕ್ಕ ಬರೆಯುವ ರೈಟರ್ ಆಗಿ ಸೇರಿದ್ದೆ. ಮಂಡಿಯ ಹಿಂದೆ ತಗಡಿನ ಉದ್ದನೆಯ ಒಂದು ಶೆಡ್ಡು. ಅಲ್ಲಿ ಇಪ್ಪತ್ತು ಹೆಂಗಸರು ಎರಡು ಸಾಲಾಗಿ ಕೂತು ಅಡಿಕೆ ಆರಿಸುತ್ತಿದ್ದರು. ಮುಂದೆ ಬೇಯಿಸಿ ಒಣಗಿಸಿದ ಕೆಂಪಡಿಕೆಯ ರಾಶಿ. ಒಳ್ಳೆಯದನ್ನು ಒಂದು ಕಡೆ, ಒಡೆದದ್ದು, ತೂತು ಬಿದ್ದದ್ದು, ಕಪ್ಪಾದದ್ದನ್ನು ಇನ್ನೊಂದು ಕಡೆ ಹಾಕಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಇದೇ ಕೆಲಸ. ಅವರ ಮೇಲ್ವಿಚಾರಣೆ ನನ್ನದು.

ಒಣಗಿದ ಅಡಿಕೆಯಷ್ಟು ಕೈಯನ್ನು ಹಾಳು ಮಾಡುವ ವಸ್ತು ಇನ್ನೊಂದಿಲ್ಲ. ಅದರ ಒಗರು ಚರ್ಮದ ಪಸೆಯನ್ನೆಲ್ಲ ಹೀರಿಬಿಡುತ್ತದೆ. ಚಳಿಗಾಲದಲ್ಲಿ ಬೆರಳ ಸಂದಿಗಳು ಬಿರಿದು ರಕ್ತ ಜಿನುಗುತ್ತಿತ್ತು. ಚಿಂದಿ ಸುತ್ತಿಕೊಂಡು ಆರಿಸುತ್ತಿದ್ದರು. ಆಗ ನಾನು ಸಾಲುಗಳ ನಡುವೆ ತಿರುಗುತ್ತ ಏನು ಹೇಳುತ್ತಿದ್ದೆ ಗೊತ್ತೆ? "ಅಡಿಕೆಗೆ ರಕ್ತ ತಾಗಿಸ್ಬೇಡಿ." ಇಪ್ಪತ್ತು ಜನರ ಕೈ ಒಡೆದದ್ದು ನನಗೆ ಕಂಡದ್ದು ಅಷ್ಟೇ.

ಅಂಥ ಒಂದು ಚಳಿಗಾಲದಲ್ಲಿ ಅವರು ಬಂದರು. ನಲವತ್ತರ ಆಸುಪಾಸು. ಗಂಡ ಕಾರ್ಗಲ್‌ನಲ್ಲಿ ಅಣೆಕಟ್ಟು ಪ್ರಾಜೆಕ್ಟಿನ ಕೂಲಿಯಾಗಿದ್ದವನು, ಜ್ವರ ಬಂದು ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಕಾರ್ಗಲ್ ಕಾಲೋನಿಯಲ್ಲಿ ಒಬ್ಬ ನರ್ಸಮ್ಮನ ಮನೆಕೆಲಸ ಮಾಡಿಕೊಂಡಿದ್ದವರು, ಆ ನರ್ಸಮ್ಮನಿಗೆ ವರ್ಗವಾದ ಮೇಲೆ ಸಾಗರದಲ್ಲಿದ್ದ ತಂಗಿಯ ಮನೆ ಸೇರಿದ್ದರು. ಬಂದ ಎರಡನೇ ದಿನಕ್ಕೇ ಶೆಡ್ಡಿನಲ್ಲಿ ಎಲ್ಲರೂ ಅಕ್ಕ ಎನ್ನತೊಡಗಿದರು, ಹೆಸರು ನನ್ನ ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು. ವಯಸ್ಸಿನಲ್ಲಿ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ನಾನೂ ಅಕ್ಕ ಎಂದೇ ಕರೆದೆ, ಆದರೆ ಏಕವಚನದಲ್ಲಿ. ಈ ಬಹುವಚನ ನನಗೆ ಬಂದದ್ದು ತಡವಾಗಿ.

ಮೊದಲ ದಿನ ಅಕ್ಕ ಅಡಿಕೆಗಿಂತ ಹೆಚ್ಚಾಗಿ ಪಕ್ಕದಲ್ಲಿ ಕೂತ ಗಿರಿಜೆಯ ಬೆರಳುಗಳನ್ನು ನೋಡುತ್ತಿದ್ದರು. ಗಿರಿಜೆ ಆಗಷ್ಟೇ ಮದುವೆಯಾಗಿ ಬಂದವಳು. ಮರುದಿನ ಅಕ್ಕನ ಚೀಲದಲ್ಲಿ ಒಂದು ಬಾಟಲಿ ಕೊಬ್ಬರಿ ಎಣ್ಣೆ, ಒಂದು ಡಬ್ಬಿ ಅಕ್ಕಿತೌಡು ಬಂತು. ನಾನು ಹಾರಿಬಿದ್ದೆ.

"ಅಡಿಕೆ ಹತ್ರ ಎಣ್ಣೆ ತರೋದಾ? ತಲೆ ನೆಟ್ಟಗಿದ್ಯಾ ನಿಂಗೆ?"

ನನ್ನ ಸಿಟ್ಟಿಗೆ ಕಾರಣವಿತ್ತು. ಎಣ್ಣೆ ತಾಗಿದ ಅಡಿಕೆ ಮೊದಲು ಹೊಳೆಯುತ್ತದೆ, ಎರಡು ತಿಂಗಳಿಗೆ ಕಮಟು ವಾಸನೆ ಹೊಡೆಯುತ್ತದೆ. ಕೆಲವರು ಬಣ್ಣಗೆಟ್ಟ ಹಳೆ ಮಾಲಿಗೆ ಎಣ್ಣೆ ಸವರಿ ಹೊಸತೆಂದು ಮಾರುವುದುಂಟು. ಮಂಡಿಯ ಮಟ್ಟಿಗೆ ಅದಕ್ಕಿಂತ ದೊಡ್ಡ ಮಾನಗೇಡು ಇನ್ನೊಂದಿಲ್ಲ.

"ಗೊತ್ತು ರೈಟ್ರೇ," ಎಂದರು ಅಕ್ಕ. "ಎಣ್ಣೆ ಹಚ್ಕೊಂಡು ಹಾಗೇ ಕೂರ್ತೀವಾ? ಸ್ವಲ್ಪ ಹೊತ್ತು ಬಿಟ್ಟು ತೌಡು ಹಾಕಿ ತಿಕ್ತೀವಿ, ಆಮೇಲೆ ಬಟ್ಟೇಲಿ ಒರೆಸ್ತೀವಿ. ಒಳಗೆ ಹೋದ ಎಣ್ಣೆ ನಮ್ದು, ಮೇಲಿದ್ದದ್ದು ತೌಡಿಂದು. ನಿಮ್ ಅಡಿಕೆಗೆ ಎಂತ ಉಳೀತು?"

"ಬಾಯಲ್ಲಿ ಹೇಳಿದ್ರೆ ಆಯ್ತಾ?"

"ಬಾಯಲ್ಲಿ ಎಂತಕ್ಕೆ? ಕಾಗ್ದ ಕೊಡಿ."

ನಾನು ಒಂದು ಬಿಳಿ ಹಾಳೆ ತಂದೆ. ಅಕ್ಕ ಒರೆಸಿದ ಅಂಗೈಯನ್ನು ಅದರ ಮೇಲೆ ಬಲವಾಗಿ ಒತ್ತಿ ಎತ್ತಿದರು. ಬೆಳಕಿಗೆ ಹಿಡಿದು ನೋಡಿದೆ. ಒಂದು ಚುಕ್ಕೆ ಎಣ್ಣೆಯೂ ಇರಲಿಲ್ಲ. ಆಮೇಲೆ ಒಂದು ವಾರ ಕಾಲ ದಿನವೂ ಬೆಳಿಗ್ಗೆ ಇಪ್ಪತ್ತು ಜನರ ಕೈಯನ್ನೂ ಹಾಳೆಗೆ ಒತ್ತಿಸಿ ನೋಡಿದೆ. ನಂತರ ನನಗೇ ಬೇಸರ ಬಂದು ಬಿಟ್ಟೆ. ಬಾಟಲಿ ಕಂಬದ ಪಕ್ಕದ ಗೂಡಿನಲ್ಲಿ ಕಾಯಂ ಆಯಿತು. ಹದಿನೈದು ದಿನಕ್ಕೆ ಗಿರಿಜೆಯ ಬೆರಳ ಚಿಂದಿ ಹೋಯಿತು.

"ಅಕ್ಕ, ನಮ್ಮನೆಯವ್ರು ನಿನ್ನೆ ಎಂತ ಹೇಳಿದ್ರು ಗೊತ್ತಾ?" ಎಂದು ಅವಳು ಪಿಸುಗುಟ್ಟಿದ್ದು ಇಡೀ ಸಾಲಿಗೆ ಕೇಳಿಸಿತು.

"ಹೇಳ್ಬೇಡ ಮಾರಾಯ್ತಿ, ರೈಟ್ರಿಗೆ ಇನ್ನೂ ಮದ್ವೆ ಆಗಿಲ್ಲ" ಎಂದರು ಅಕ್ಕ. ಶೆಡ್ಡು ನಗುವಿನಿಂದ ತುಂಬಿಹೋಯಿತು. ನಾನು ಕಿವಿ ಕೆಂಪಗೆ ಮಾಡಿಕೊಂಡು ಹೊರಗೆ ಬಂದೆ.

ಅಕ್ಕ ಮಾಡುತ್ತಿದ್ದದ್ದೆಲ್ಲ ಇಂಥ ಚಿಕ್ಕಪುಟ್ಟ ಕೆಲಸಗಳೇ. ತಾಳಗುಪ್ಪದ ರೈಲು ಕೂಗಿದರೆ ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು. ಎರಡು ಕೈಯನ್ನೂ ಸೊಂಟಕ್ಕೆ ಕೊಟ್ಟು ಹಿಂದಕ್ಕೆ ಬಾಗಿ, ಬಾಗಿಲಿಗೆ ಹೋಗಿ ದೂರದ ಮರಗಳನ್ನು ಹತ್ತು ಎಣಿಸುವಷ್ಟು ಹೊತ್ತು ನೋಡಿ, ವಾಪಸು ಬಂದು ಕೂರುತ್ತಿದ್ದರು. ನೋಡನೋಡುತ್ತ ಇಡೀ ಶೆಡ್ಡು ರೈಲಿನ ಕೂಗಿಗೆ ಎದ್ದು ನಿಲ್ಲತೊಡಗಿತು. ರೈಲು ಇಲ್ಲದ ಹೊತ್ತಿಗೆ ಹೊಸನಗರದ ಬಸ್ಸಿನ ಹಾರನ್ನು ಸಾಕಾಗುತ್ತಿತ್ತು.

"ಕೆಲ್ಸ ನಿಲ್ಸಿ ಕವಾಯತು ಮಾಡ್ತೀರಾ?" ಎಂದು ಒಮ್ಮೆ ರೇಗಿದೆ.

"ಬೆನ್ನು ನಮ್ದು ರೈಟ್ರೇ, ಮಂಡೀದಲ್ಲ," ಎಂದರು. "ಸಂಜೆ ತೂಕ ಹಾಕಿ ನೋಡಿ, ಕಮ್ಮಿ ಬಂದ್ರೆ ನಾಳೆಯಿಂದ ಏಳಲ್ಲ." ಸಂಜೆ ನೋಡಿದರೆ ಆರಿಸಿದ ಮಾಲು ಎಂದಿಗಿಂತ ಹೆಚ್ಚೇ ಇತ್ತು. ನಾನು ಅದನ್ನು ಅವರಿಗೆ ಹೇಳಲಿಲ್ಲ.

ಇನ್ನೊಂದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಆ ಇಪ್ಪತ್ತು ಜನ ದಿನವಿಡೀ ನೀರು ಕುಡಿಯುತ್ತಿರಲಿಲ್ಲ. ಧೂಳಿನಲ್ಲಿ ಕೂತು ಗಂಟಲು ಒಣಗಿದರೂ ಕೊಡ ಮುಟ್ಟುತ್ತಿರಲಿಲ್ಲ. ಹೆಂಗಸರು ಬಾಯಾರಿಕೆ ತಡೆದುಕೊಳ್ಳುತ್ತಾರೆ ಎಂದೇ ನಾನು ತಿಳಿದಿದ್ದೆ. ಅಕ್ಕ ಬಂದ ಮೇಲೆ ಗೊತ್ತಾಯಿತು, ಕುಡಿದರೆ ಹೋಗಲು ಜಾಗವಿರಲಿಲ್ಲ. ಅದನ್ನು ನನ್ನ ಹತ್ತಿರ ಹೇಳುವುದು ಅವರಿಗೆ ಸಾಧ್ಯವಿರಲಿಲ್ಲ, ನನಗೆ ಕೇಳಬೇಕೆಂದು ತೋಚಿರಲಿಲ್ಲ. ಅಕ್ಕ ನೇರವಾಗಿ ಮಂಡಿಯ ಸಾಹುಕಾರರ ಮನೆಯ ಹಿತ್ತಿಲಿಗೆ ಹೋಗಿ ಅವರ ಹೆಂಡತಿಯ ಹತ್ತಿರ ಮಾತಾಡಿ ಬಂದರು. ವಾರದೊಳಗೆ ಶೆಡ್ಡಿನ ಹಿಂದೆ ನಾಲ್ಕು ತಗಡು ನಿಂತವು. ಅಂದಿನಿಂದ ಗಂಟೆಗೊಮ್ಮೆ ಚೊಂಬು ಸಾಲಿನಲ್ಲಿ ಕೈಯಿಂದ ಕೈಗೆ ತಿರುಗುತ್ತಿತ್ತು. ಮಧ್ಯಾಹ್ನದ ನಂತರ ತಲೆನೋವೆಂದು ಹಣೆಗೆ ಬಟ್ಟೆ ಕಟ್ಟಿ ಕೂರುವವರು ಕಡಿಮೆಯಾದರು. ಒಣಗಿದ್ದ ಮುಖಗಳಿಗೆ ಒಂದು ಕಳೆ ಬಂತು. ಇದನ್ನೆಲ್ಲ ನಾನು ನೋಡುತ್ತಲೇ ಇದ್ದೆ.

ಕಂಬಕ್ಕೆ ಅಂಗೈಯಗಲದ ಒಂದು ಕನ್ನಡಿ ಸಿಕ್ಕಿಸಿದವರೂ ಅಕ್ಕನೇ. ಸಂಜೆ ಕೆಲಸ ಬಿಟ್ಟ ಮೇಲೆ ಯಾರೂ ಹಾಗೇ ಮನೆಗೆ ಹೋಗುವಂತಿಲ್ಲ. ಮುಖ, ಕೈ, ಕುತ್ತಿಗೆ ತೊಳೆದು, ತಲೆಯ ಧೂಳು ಕೊಡವಿ ಬಾಚಿ, ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಂಡು ಹೊರಡಬೇಕು. "ದಣಿದ ಮುಖ ಹೊತ್ಕೊಂಡು ಹೋದ್ರೆ ಮನೇಲಿ ಅದಕ್ಕೇ ಬೈಗುಳ ಬೀಳೋದು ಕಣ್ರೇ" ಎನ್ನುತ್ತಿದ್ದರು.

ಕುಂಕುಮ ಹೂವು ಇಲ್ಲದ ಅಕ್ಕನೂ ಆ ಕನ್ನಡಿಯ ಮುಂದೆ ನಿಲ್ಲುವುದು ಹಮಾಲರ ತಮಾಷೆಗೆ ವಸ್ತುವಾಗಿತ್ತು. ಅವರ ಜೊತೆ ಸೇರಿ ನಾನೂ ಒಮ್ಮೆ ಕೇಳಿದೆ: "ಅಕ್ಕ, ಇಷ್ಟೆಲ್ಲ ಯಾರಿಗೆ ತೋರಿಸೋಕೆ?"

ಅವರು ಬಾಚಣಿಗೆಯನ್ನು ಕೊಡವಿ ಸೆರಗಿಗೆ ಸಿಕ್ಕಿಸಿಕೊಂಡರು. "ನಂಗೇ ತೋರಿಸ್ಕೊಳ್ಳೋಕೆ ರೈಟ್ರೇ. ದಿನಾ ನನ್ ಜೊತೆ ಇರೋದು ನಾನೇ ಅಲ್ದಾ?"

ಹಮಾಲರು ಮೂಟೆಗಳ ಕಡೆ ತಿರುಗಿದರು. ನನಗೆ ಮಾತ್ರ ಉರಿಯಿತು.

ಆದರೂ ಅಕ್ಕ ನನ್ನ ಮೇಲೆ ಏನನ್ನೂ ಇಟ್ಟುಕೊಳ್ಳಲಿಲ್ಲ. ಆಗ ನನ್ನ ಅವತಾರ ಹೇಗಿತ್ತೆಂದರೆ, ಎಲೆಅಡಿಕೆಯಿಂದ ಕೆಂಪಾದ ಹಲ್ಲು, ಕಾಲರಿನ ಮೇಲೆ ತಲೆಹೊಟ್ಟು, ಉಗುರಿನಲ್ಲಿ ಕಪ್ಪು, ಇಪ್ಪತ್ತೇಳಕ್ಕೇ ಬಾಗಿದ ಬೆನ್ನು. ಎರಡು ಕಡೆ ಹೆಣ್ಣು ನೋಡಿ ಬಂದಿದ್ದೆ, ಎರಡು ಕಡೆಯವರೂ ಒಪ್ಪಿರಲಿಲ್ಲ. ಮೂರನೆಯದು ತೀರ್ಥಹಳ್ಳಿಯ ಕಡೆ ಗೊತ್ತಾದಾಗ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು.

"ಬೇಜಾರು ಮಾಡ್ಕೋಬೇಡಿ ರೈಟ್ರೇ. ಹುಡ್ಗೀರು ಮೊದ್ಲು ಕೈ ನೋಡ್ತಾರೆ. ಕಾಫಿ ಲೋಟ ತಗೊಳ್ಳುವಾಗ ಕಾಣೋದು ಅದೇ. ಉಗುರು ತೆಗೀರಿ."

"ಅಷ್ಟೇನಾ?"

"ಅಷ್ಟೇ ಎಲ್ಲಾಯ್ತು? ಹಲ್ಲಿಗೆ ಇದ್ಲು ಉಪ್ಪು ಹಾಕಿ ತಿಕ್ಕಿ. ಇವತ್ತಿಂದ ಎಲೆಅಡಿಕೆ ಕಮ್ಮಿ ಮಾಡಿ, ಉಂಡ ಮೇಲೆ ಮುಕ್ಕಳಿಸಿ. ರಾತ್ರಿ ಹಿಮ್ಮಡಿಗೆ ಎಣ್ಣೆ ಹಚ್ಚಿ, ಚಾಪೆ ಮೇಲೆ ಕೂತಾಗ ಅಂಗಾಲು ಕಾಣುತ್ತೆ. ಮತ್ತೆ ಆ ಹುಡುಗಿ ಅಪ್ಪನ ಹತ್ರ ಮಾತಾಡುವಾಗ ನೆಲ ನೋಡ್ಬೇಡಿ. ನೆಲ ಎಂತ ಹೆಣ್ಣು ಕೊಡುತ್ತಾ?"

ಒಂದು ತಿಂಗಳು ಅವರು ಹೇಳಿದಂತೆ ಮಾಡಿದೆ. ಮದುವೆಯಾಯಿತು. ಎಷ್ಟೋ ವರ್ಷಗಳ ನಂತರ ಹೆಂಡತಿ ನಗುತ್ತ ಹೇಳಿದ್ದಳು: "ನಿಮ್ಮ ಕೈ ಚೊಕ್ಕಟ ಇತ್ತು. ಅದಕ್ಕೇ ಹೂಂ ಅಂದೆ." ಅವಳಿಗೆ ಆ ಕೈ ಯಾರು ಕೊಟ್ಟದ್ದೆಂದು ಹೇಳಲಿಲ್ಲ. ಹೇಳಿದ್ದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಉಳಿದದ್ದು ಇದು.

ಮದುವೆಯಾಗಿ ಒಂದು ವರ್ಷವಾಗಿತ್ತು. ಹೆಂಡತಿ ಬಸುರಿ. ಸಾಹುಕಾರರು ರಿಪ್ಪನ್‌ಪೇಟೆಯಲ್ಲಿ ಇನ್ನೊಂದು ಮಂಡಿ ತೆರೆಯುವವರಿದ್ದರು. ಅದನ್ನು ಯಾರ ಕೈಗೆ ಕೊಡುತ್ತಾರೆಂಬ ಮಾತು ನಡೆದಿತ್ತು. ಗೋದಾಮಿನಲ್ಲಿ ಹಿಂದಿನ ವರ್ಷದ ಆರು ಮೂಟೆ ಕೆಂಪಡಿಕೆ ಬಣ್ಣ ಕಳೆದುಕೊಂಡು ಬಿದ್ದಿತ್ತು. ಉತ್ತರದ ಕಡೆಯ ವ್ಯಾಪಾರಿ ಬರುವುದರೊಳಗೆ ಅದಕ್ಕೊಂದು ಗತಿ ಕಾಣಿಸಬೇಕೆಂದು ಸಾಹುಕಾರರು ಪೇಚಾಡುತ್ತಿದ್ದರು. ಎಣ್ಣೆ ಹಚ್ಚು ಎಂದು ಅವರು ಹೇಳಲಿಲ್ಲ. ಹೇಳುವ ಜನವೂ ಅವರಲ್ಲ. ಅದು ನನ್ನ ತಲೆಗೇ ಬಂದದ್ದು.

ಒಂದು ಭಾನುವಾರ ಹಗಲು ಮಂಡಿ ಮುಚ್ಚಿದ್ದಾಗ ಬೀಗ ತೆಗೆದು ಒಳಗೆ ಹೋದೆ. ಮೂಟೆಗಳನ್ನು ಚಾಪೆಯ ಮೇಲೆ ಸುರುವಿ, ಮನೆಯಿಂದ ತಂದ ಎಣ್ಣೆಯನ್ನು ಚಿಮುಕಿಸಿ, ಗೋಣಿಯಲ್ಲಿ ಹಾಕಿ ಕುಲುಕಿದೆ. ಐದು ಮೂಟೆಗೆ ಎಣ್ಣೆ ಮುಗಿಯಿತು. ಆರನೆಯದಕ್ಕೆ ಶೆಡ್ಡಿಗೆ ಹೋಗಿ ಗೂಡಿನಲ್ಲಿದ್ದ ಅಕ್ಕನ ಬಾಟಲಿಯನ್ನು ತಂದೆ. ಅಡಿಕೆ ಫಳಫಳ ಹೊಳೆಯಿತು. ವ್ಯಾಪಾರಿ ಬಂದು ಒಪ್ಪಿಕೊಂಡು ಹೋದ. ಸಾಹುಕಾರರು ನನ್ನ ಬೆನ್ನು ತಟ್ಟಿ, "ಒಳ್ಳೇದು ಮೇಲೆ ಬರೋ ಹಾಗೆ ಆರಿಸಿದ್ದೀಯ" ಎಂದರು. ನಾನು ತಲೆಯಾಡಿಸಿದೆ.

ಆ ಸೋಮವಾರ ಬೆಳಿಗ್ಗೆ ಅಕ್ಕ ಬಾಟಲಿಯನ್ನು ಎತ್ತಿ ಹಿಡಿದು ನೋಡಿದರು. "ಎಂತ ರೈಟ್ರೇ, ಶನಿವಾರ ಅರ್ಧ ಇತ್ತು. ತಳ ಕಾಣ್ತಿದೆ."

"ಇಲಿ ಬೀಳಿಸಿರ್ಬೇಕು" ಎಂದೆ.

"ಬೀಳಿಸಿ, ಎತ್ತಿಟ್ಟು, ಬಿರಡೆ ಹಾಕಿ ಹೋಗಿದ್ಯಲ್ಲ!" ಎಂದು ನಕ್ಕರು. "ಜಾಣ ಇಲಿ. ನಮ್ಮನೆಯೋರು ಇದ್ದಾಗ ಇಷ್ಟು ಮಾಡ್ತಿರ್ಲಿಲ್ಲ."

ಎಲ್ಲರೂ ನಕ್ಕರು. ಅಷ್ಟಕ್ಕೇ ಅದು ಮುಗಿಯಿತು.

ಎರಡು ತಿಂಗಳಿಗೆ ಆರೂ ಮೂಟೆ ವಾಪಸು ಬಂತು, ಜೊತೆಗೊಂದು ಪತ್ರ. ಸಾಹುಕಾರರು ಒಂದು ಮೂಟೆ ಬಿಚ್ಚಿಸಿ ಮೂಸಿದರು. ಕಮಟು ನನ್ನ ಮೂಗಿಗೂ ಬಡಿಯಿತು. ಅವರು ನೇರ ಶೆಡ್ಡಿಗೆ ಬಂದರು. ಹೆಂಗಸರು ಎದ್ದು ನಿಂತರು.

"ನನ್ನಪ್ಪನ ಕಾಲದಿಂದ ಇಂಥ ಮಾತು ಕೇಳಿರ್ಲಿಲ್ಲ. ಅಡಿಕೆಗೆ ಎಣ್ಣೆ ಮುಟ್ಟಿಸಿದ್ದು ಯಾರು?"

ಸಾಹುಕಾರರ ಕಣ್ಣು ಗೂಡಿನಲ್ಲಿದ್ದ ಬಾಟಲಿಯ ಮೇಲೆ ಬಿತ್ತು. ಆ ಬಾಟಲಿಯನ್ನು ಅವರು ಅದೇ ಮೊದಲು ನೋಡಿದ್ದು.

"ಇದೆಂತದೋ ಇದು?"

ನನ್ನನ್ನು ಕೇಳಿದ್ದು. ಆಗಲೂ ಹೊತ್ತು ಮೀರಿರಲಿಲ್ಲ. ನಾನು ಮಾಡಿದ್ದೆಂದು ಹೇಳಿದ್ದರೆ ಕೆಲಸ ಹೋಗುತ್ತಿತ್ತು, ರಿಪ್ಪನ್‌ಪೇಟೆ ಹೋಗುತ್ತಿತ್ತು. ತೀರ್ಥಹಳ್ಳಿಯ ಮಾವನ ಎದುರಿಗೆ ತಲೆತಗ್ಗಿಸಬೇಕಾಗುತ್ತಿತ್ತು. ಇದೆಲ್ಲ ಒಂದು ಉಸಿರಿನೊಳಗೆ ತಲೆಯಲ್ಲಿ ಓಡಿಹೋಯಿತು.

"ಇವ್ರು ಕೈಗೆ ಹಚ್ಕೊಳ್ತಾರೆ ಒಡೇರೆ" ಎಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. "ಬೇಡ ಅಂತ ಹೇಳಿದ್ದೆ."

ಅಕ್ಕ ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ. ನಾನು ಮರೆತಿದ್ದೇನೆ, ನೆನಪು ಮಾಡಿದರೆ ಸಾಕು ಎನ್ನುವ ಹಾಗೆ. "ರೈಟ್ರೇ, ತೌಡಲ್ಲಿ ಒರೆಸ್ಕೊಳ್ತೀವಲ್ಲ. ನೀವೇ ಕಾಗ್ದ ಹಿಡಿದು ನೋಡಿದ್ರಿ, ಒಂದು ವಾರ. ಈಗ್ಲೂ ತನ್ನಿ, ಒತ್ತಿ ತೋರಿಸ್ತೀವಿ."

"ಯಾವ ಕಾಗ್ದ?" ಎಂದೆ ನಾನು.

ಗಿರಿಜೆ ಏನೋ ಹೇಳಲು ಬಾಯಿ ತೆರೆದಳು. ಸಾಹುಕಾರರು ಕೈಯೆತ್ತಿದರು. "ಮೂಸಿ ನೋಡೋ ಅವಳ ಕೈಯ" ಎಂದರು ನನಗೆ.

ಅಕ್ಕ ಎರಡೂ ಕೈ ಮುಂದಕ್ಕೆ ಚಾಚಿದರು. ಹತ್ತೊಂಬತ್ತು ಜನ ಹೆಂಗಸರು ನೋಡುತ್ತಿರುವಾಗ ನಾನು ಬಗ್ಗಿ ಮೂಸಿದೆ. ತೌಡಿನ ವಾಸನೆ ಇತ್ತು, ಅಡಿಕೆಯ ಒಗರಿನ ವಾಸನೆ ಇತ್ತು, ಅದರ ಹಿಂದೆ ಎಲ್ಲೋ ಸಣ್ಣಗೆ ಕೊಬ್ಬರಿಯೂ ಇತ್ತು. ನನ್ನ ಕೈಗೂ ಹಿಮ್ಮಡಿಗೂ ಅವತ್ತು ಇದ್ದದ್ದು ಅದೇ ವಾಸನೆ.

"ಎಣ್ಣೆ ವಾಸನೆ ಇದೆ ಒಡೇರೆ."

ಮೂಗಿಗೆ ಬಂದದ್ದನ್ನೇ ಹೇಳಿದ್ದೆ. ಬಹಳ ವರ್ಷ ಈ ಒಂದು ಮಾತನ್ನು ಹಿಡಿದುಕೊಂಡು, ನಾನು ಸುಳ್ಳು ಹೇಳಲಿಲ್ಲ ಎಂದು ನನ್ನನ್ನೇ ಒಪ್ಪಿಸುತ್ತಿದ್ದೆ.

ಅಕ್ಕ ಚಾಚಿದ ಕೈಗಳನ್ನು ಒಮ್ಮೆ ತಾವೇ ನೋಡಿಕೊಂಡು ಸೆರಗಿನೊಳಗೆ ಎಳೆದುಕೊಂಡರು. ಚೀಲ ತೆಗೆದುಕೊಂಡು ಹೊರಟರು. ಮುಖ ತೊಳೆಯದೆ, ಕನ್ನಡಿ ನೋಡದೆ, ತಲೆಯ ಮೇಲೆ ಅಡಿಕೆಯ ಧೂಳು ಹಾಗೇ ಇರುವಾಗ ಅವರು ಹೋದದ್ದು ಅದೊಂದೇ ದಿನ.

ಬಾಟಲಿ, ತೌಡಿನ ಡಬ್ಬಿ, ಕನ್ನಡಿಯನ್ನು ನಾನೇ ಹೊರಗೆ ಹಾಕಿಸಿದೆ. ಸಾಗರದಲ್ಲಿ ಬೇರೆ ಯಾವ ಮಂಡಿಯವರೂ ಅಕ್ಕನನ್ನು ಸೇರಿಸಿಕೊಳ್ಳಲಿಲ್ಲ. ಕೇಳಿಕೊಂಡು ಹೋದಲ್ಲೆಲ್ಲ "ಓ, ಆ ಎಣ್ಣೆಕೈಯವಳಾ?" ಎಂದರಂತೆ. ಆ ಹೆಸರು ಹುಟ್ಟಿದ್ದು ನನ್ನ ಬಾಯಲ್ಲಿ. ಹಮಾಲರು ವಿಷಯ ಕೇಳಿದಾಗ ಹಾಗೆಂದು ತಮಾಷೆ ಮಾಡಿದ್ದೆ. ಚಳಿಗಾಲ ಬಂತು. ಚಿಂದಿ ಸುತ್ತಿದ ಬೆರಳುಗಳು ಮತ್ತೆ ಕಾಣಿಸಿದವು. ರೈಲು ಕೂಗುತ್ತಿತ್ತು, ಯಾರೂ ಏಳುತ್ತಿರಲಿಲ್ಲ. ಒಂದು ದಿನ ಗಿರಿಜೆ ಬಿರಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ನನ್ನನ್ನೇ ನೋಡಿದಳು. "ರಕ್ತ ತಾಗ್ಸಲ್ಲ ಬಿಡಿ" ಎಂದಳು. ನಾನು ಏನನ್ನೂ ಕೇಳಿರಲಿಲ್ಲ.

ಆ ಬೇಸಿಗೆಯಲ್ಲಿ ನಾನು ರಿಪ್ಪನ್‌ಪೇಟೆಗೆ ಬಂದೆ. ಕುರ್ಚಿ, ಮೇಜು, ಮೇಜಿನ ಮೇಲೆ ಗಂಟೆ. ಮಗ ಹುಟ್ಟಿದ. ನಾನು ಮಾತ್ರ ಉಗುರು ತೆಗೆಯುವುದನ್ನು, ಬಾಯಿ ಮುಕ್ಕಳಿಸುವುದನ್ನು, ಬೆನ್ನು ನೆಟ್ಟಗಿಡುವುದನ್ನು ಬಿಡಲಿಲ್ಲ. ಜನ ಮೆಚ್ಚುತ್ತಿದ್ದರು.

ಎಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ ರಿಪ್ಪನ್‌ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕಿದರು. ಸಾಗರದಿಂದ ಬಂದು ತೀರ್ಥಹಳ್ಳಿಯ ಬಸ್ಸಿಗೆ ಕಾಯುತ್ತಿದ್ದರು. ಕೂದಲು ಬೆಳ್ಳಗಾಗಿತ್ತು, ಅದನ್ನು ಗಂಟು ಹಾಕಿದ್ದು ಓರೆಯಾಗಿತ್ತು. ನಾನು ಗುರುತು ಸಿಗದವನಂತೆ ದಾಟಿಹೋಗುವವನಿದ್ದೆ.

"ರೈಟ್ರೇ! ಎಷ್ಟು ನೆಟ್ಟಗಾಗಿದ್ದೀರಿ ಮಾರಾಯ್ರೆ! ಹೆಂಡ್ತಿ ಮಕ್ಳು ಚೆನ್ನಾಗಿದ್ದಾರಾ?"

ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಹೇಳಿದೆ. ತೀರ್ಥಹಳ್ಳಿಯಲ್ಲಿ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದೇನೆಂದು ಹೇಳಿದರು. ಲೋಟವನ್ನು ಬರಿಗೈಯಲ್ಲಿ ಹಿಡಿಯಲಾಗದೆ ಸೆರಗಿನಲ್ಲಿ ಸುತ್ತಿ ಹಿಡಿದರು. ಆಗ ಕಾಣಿಸಿತು. ಬೂದಿ, ಸೋಡಾ ತಿಂದ ಬೆರಳುಗಳು ಉದ್ದಕ್ಕೂ ಸೀಳಿದ್ದವು. ಉಗುರುಗಳು ಹಳದಿಯಾಗಿ ಒಡೆದಿದ್ದವು. ಇಪ್ಪತ್ತು ಜನರ ಕೈ ಕಾದವರ ಕೈ.

"ಎಣ್ಣೆ ಹಚ್ಚೋದಿಲ್ವಾ ಅಕ್ಕ?" ಎಂದುಬಿಟ್ಟೆ. ಹಾಗೆ ಕೇಳಲು ನನಗೆ ಹೇಗೆ ಬಾಯಿ ಬಂತೋ.

"ಬಿಟ್ಬಿಟ್ಟೆ," ಎಂದರು. "ಹಚ್ಕೊಳ್ಳೋಕೆ ಹೋದ್ರೆ ಯಾರೋ ಮೂಸೋಕೆ ಬರ್ತಾರೆ ಅನ್ಸುತ್ತೆ. ಹುಚ್ಚು ನಂಗೆ." ನಗಲು ನೋಡಿದರು. ಆಮೇಲೆ ಲೋಟ ಕೆಳಗಿಟ್ಟು, ದನಿ ಇಳಿಸಿ ಕೇಳಿದರು: "ಒಂದು ಕೇಳ್ಲಾ ರೈಟ್ರೇ? ನೀವು ಓದಿದೋರು, ಮಾಲಿನ ಬಗ್ಗೆ ಗೊತ್ತಿದ್ದೋರು. ಅವತ್ತು ನಾವು ಸಮಾ ಒರೆಸ್ಕೊಂಡಿರ್ಲಿಲ್ವಾ? ಆರು ಮೂಟೆ ಕೆಡೋವಷ್ಟು ಎಣ್ಣೆ ನಮ್ ಕೈಯಲ್ಲಿ ಉಳಿದಿತ್ತಾ? ನಂಗೆ ಯೋಚ್ನೆ ಮಾಡಿ ಮಾಡಿ, ಈಗ ನನ್ದೇ ತಪ್ಪು ಅನ್ನಿಸ್ತಿದೆ. ಪಾಪ, ಆ ಹುಡ್ಗೀರ ಕೈನೂ ನನ್ನಿಂದ ಒಡೀತು. ಒಡೇರ ಮಾನಾನೂ ಹೋತು."

ಗೂಡಿನ ಬಾಟಲಿ ಬರಿದಾದದ್ದನ್ನೂ ಕೆಟ್ಟ ಮೂಟೆಗಳನ್ನೂ ಅವರು ಒಂದಕ್ಕೊಂದು ಸೇರಿಸಿ ನೋಡಿರಲೇ ಇಲ್ಲ. ನನ್ನ ಮೇಲೆ ಅನುಮಾನ ಪಡುವುದು ಅವರಿಗೆ ಗೊತ್ತೇ ಇರಲಿಲ್ಲ. ಮಾಡದ ತಪ್ಪನ್ನು ಏಳೆಂಟು ವರ್ಷ ಹೊತ್ತು ತಿರುಗಿ, ಅದಕ್ಕೆ ತಮ್ಮ ಕೈಗಳಿಗೇ ಶಿಕ್ಷೆ ಕೊಟ್ಟುಕೊಂಡಿದ್ದರು. ಎದುರಿಗೆ ಕೂತಿದ್ದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಹೋಟೆಲಿನಲ್ಲಿ ನಮ್ಮ ಮಾತು ಕೇಳುವವರು ಯಾರೂ ಇರಲಿಲ್ಲ. ನನ್ನ ಕೆಲಸ ಗಟ್ಟಿಯಾಗಿತ್ತು. ಹೆದರಲು ಕಾರಣವೇ ಇರಲಿಲ್ಲ.

ನಾನು ಏನು ಹೇಳಿದೆನೆಂದು ಬರೆಯಲಿಕ್ಕೇ ಇಷ್ಟು ವರ್ಷ ಹಿಡಿಯಿತು.

"ಆದದ್ದು ಆಗಿ ಹೋಯ್ತು ಬಿಡಿ ಅಕ್ಕ," ಎಂದೆ. "ಮನಸ್ಸಿಗೆ ಹಚ್ಕೋಬೇಡಿ. ಒಡೇರೂ ಮರೆತಿದ್ದಾರೆ. ನಾನೂ ಏನೂ ಇಟ್ಕೊಂಡಿಲ್ಲ."

ನಾನು ಅವರನ್ನು ಕ್ಷಮಿಸಿದೆ.

ಅಕ್ಕನ ಕಣ್ಣು ತುಂಬಿತು. ಆ ಬಿರಿದ ಕೈಗಳನ್ನು ಜೋಡಿಸಿ, "ದೊಡ್ಡ ಮನಸ್ಸು ರೈಟ್ರೇ ನಿಮ್ದು" ಎಂದರು. ಬಸ್ಸು ಬಂತು. ಹತ್ತಿ ಹೋದರು.

ಆಮೇಲೆ ತೀರ್ಥಹಳ್ಳಿಗೆ ಮಾವನ ಮನೆಗೆಂದು ಹೋದಾಗಲೆಲ್ಲ ಆ ಹೋಟೆಲು ಇರುವ ಬೀದಿಯನ್ನು ತಪ್ಪಿಸಿ ನಡೆದೆ. ಒಮ್ಮೆ ಮಾತ್ರ, ಇವತ್ತು ಹೇಳಿಯೇ ಬಿಡುತ್ತೇನೆಂದು ಬಾಗಿಲವರೆಗೆ ಹೋಗಿ ಕೇಳಿದೆ. ಅವರು ಕೆಲಸ ಬಿಟ್ಟು ವರ್ಷವಾಯಿತು, ಎಲ್ಲಿ ಹೋದರೋ ಗೊತ್ತಿಲ್ಲ ಎಂದರು ಹೋಟೆಲಿನವರು. ಬೇಸರವಾಗಬೇಕಿತ್ತು. ಆದರೆ ಎದೆ ಹಗುರವಾಯಿತು. ಅದನ್ನೂ ಬರೆದಿಡುತ್ತಿದ್ದೇನೆ. ಅಕ್ಕ ತೀರಿಕೊಂಡ ಸುದ್ದಿ ಎಷ್ಟೋ ಕಾಲದ ನಂತರ ಗಿರಿಜೆಯಿಂದ ತಿಳಿಯಿತು. ಕೊನೆಗೆ ಸಾಗರದಲ್ಲಿ ತಂಗಿಯ ಮನೆಯಲ್ಲೇ ಇದ್ದರಂತೆ.

ಅಕ್ಕ, ನೀವು ಅವತ್ತು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ನಿಮ್ಮ ಕೈಯಲ್ಲಿ ಎಣ್ಣೆ ಉಳಿದಿರಲಿಲ್ಲ. ಒಂದು ದಿನವೂ ಉಳಿದಿರಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದವನು ನಾನು, ನನಗೆ ಗೊತ್ತು. ಆರು ಮೂಟೆಗೂ ಎಣ್ಣೆ ಹಚ್ಚಿದವನು ನಾನೇ. ನಿಮ್ಮನ್ನು ಕ್ಷಮಿಸಲು ನನಗೆ ಏನೂ ಇರಲಿಲ್ಲ, ಚೌಡಮ್ಮ.